ವೋಲ್ವೆ ಡೇಟಾ ಜೊತೆ ಗುದ್ದಾಡಿದ್ದು

ನಾರ್ವೆ ಕಡೆ ಸಮುದ್ರದಲ್ಲಿ ವೋಲ್ವೆ ಅಂತ ಒಂದು ಆಯಿಲ್ ಫೀಲ್ಡ್ ಇತ್ತು, 2008ರಿಂದ 2016ರ ತನಕ ಎಣ್ಣೆ ತೆಗ್ದು ಮುಚ್ಚಿದ್ರು, 2018ರಲ್ಲಿ ಅದರ ಡೇಟಾನೆಲ್ಲಾ ಫ್ರೀಯಾಗಿ ಬಿಟ್ರು. ನಿಜವಾದ ಬಾವಿಯ ಲೆಕ್ಕ ಸಿಕ್ರೆ ಬಿಡೋದುಂಟಾ, ಎಫ್-12 ಅನ್ನೋ ಬಾವಿ ಹಿಡ್ಕೊಂಡು ಕೂತೆ.

ನಂಗೆ ಬೇಕಿದ್ದಿದ್ದು ಎರಡು. ಬಂಡೆಯೊಳಗೆ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತೆ, ಅಂದ್ರೆ ಪರ್ಮಿಯಬಿಲಿಟಿ, ಮತ್ತೆ ಬಾವಿ ಸುತ್ತ ಏನಾದ್ರೂ ಕಟ್ಕೊಂಡಿದ್ಯಾ, ಅಂದ್ರೆ ಸ್ಕಿನ್. ಬೋರ್‌ವೆಲ್ ಇರೋರಿಗೆ ಇದು ಹೊಸದಲ್ಲ, ಎರಡಿಂಚು ನೀರು ಒಂದಿಂಚಿಗೆ ಇಳಿದ್ರೆ ಅಂತರ್ಜಲವೇ ಹೋಯ್ತಾ ಇಲ್ಲಾ ಫ್ಲಶಿಂಗ್ ಮಾಡ್ಸಿದ್ರೆ ಸಾಕಾ ಅಂತ ತಲೆ ಕೆಡಿಸ್ಕೊಳಲ್ವಾ, ಅದೇ. ಸೂತ್ರಗಳೂ ನೆಂಟರೇ, 1935ರಲ್ಲಿ ಥೈಸ್ ಅಂತರ್ಜಲಕ್ಕೆ ಬರೆದ ಲೆಕ್ಕನೇ 1951ರಲ್ಲಿ ಹಾರ್ನರ್ ಎಣ್ಣೆ ಬಾವಿಗೆ ಹಾಕಿದ್ದು.

ಹಾರ್ನರ್ ಲೆಕ್ಕಕ್ಕೆ ಬಾವಿ ಮುಚ್ಚಿ ಒತ್ತಡ ಏರೋದನ್ನ ನೋಡ್ಬೇಕು, ವೋಲ್ವೆ ಡೇಟಾದ ಶೀಟಲ್ಲಿ ದಿನಕ್ಕೊಂದೇ ಸಾಲು, ಮೊದಲ ಗಂಟೆಗಳ ಏರಿಕೆ ಕಾಣೋದೇ ಇಲ್ಲ. ಹಾಗಾಗಿ ಒತ್ತಡದ ಇಳಿಕೆನ ರೇಟಿಂದ, ಅಂದ್ರೆ ದಿನಕ್ಕೆ ಎಷ್ಟು ಎಣ್ಣೆ ಬರುತ್ತೆ ಅನ್ನೋದ್ರಿಂದ ಭಾಗಿಸಿ, ಮಟೀರಿಯಲ್ ಬ್ಯಾಲೆನ್ಸ್ ಟೈಮ್ ಎದುರು ಲಾಗ್-ಲಾಗ್ ಪ್ಲಾಟ್ ಹಾಕ್ದೆ, ಅಂದ್ರೆ ಎರಡೂ ಅಕ್ಷದಲ್ಲಿ 1, 10, 100 ಅಂತ ಹತ್ತು ಪಟ್ಟು ಏರೋ ಗ್ರಾಫ್. ಆ ಟೈಮ್ ಅಂದ್ರೆ ಇವತ್ತಿನವರೆಗೆ ತೆಗೆದ ಒಟ್ಟು ಎಣ್ಣೆ ಭಾಗಿಸು ಇವತ್ತಿನ ರೇಟ್, ಅಷ್ಟೆ.

ಮೊದಲ ಪ್ಲಾಟಲ್ಲಿ ಚುಕ್ಕಿ ಎಲ್ಲಾ ಚೆಲ್ಲಾಪಿಲ್ಲಿ. ನೋಡಿದ್ರೆ ಗೇಜ್ ಓದದ ದಿನಗಳ ಸೊನ್ನೆನ ನಾನು ನಿಜವಾದ ಒತ್ತಡ ಅಂತ ತಗೊಂಡುಬಿಟ್ಟಿದ್ದೆ, ಕಿಲೋಮೀಟರ್‌ಗಟ್ಟಲೆ ಆಳದಲ್ಲಿ ಒತ್ತಡ ಸೊನ್ನೆಯಂತೆ! ಬಾವಿ ಎಷ್ಟು ಗಂಟೆ ಓಡ್ತು ಅನ್ನೋ ಕಾಲಮ್ಮೂ ನೋಡಿರ್ಲಿಲ್ಲ, 8 ಗಂಟೆ ಓಡಿದ ದಿನದ ಎಣ್ಣೆನ ಪೂರ್ತಿ ದಿನದ್ದು ಅಂದ್ಕೊಂಡ್ರೆ ರೇಟ್ ಮೂರರಲ್ಲೊಂದು ಭಾಗ ಆಗುತ್ತೆ. 20 ಗಂಟೆಗಿಂತ ಕಮ್ಮಿ ಓಡಿದ ದಿನಗಳನ್ನ ಪ್ಲಾಟಿಂದ ತೆಗ್ದೆ, ಒಟ್ಟು ಎಣ್ಣೆ ಲೆಕ್ಕದಲ್ಲಿ ಮಾತ್ರ ಉಳಿಸ್ಕೊಂಡೆ, ಇಲ್ಲಾಂದ್ರೆ ಟೈಮೇ ತಪ್ಪುತ್ತೆ.

ಗೆರೆ ಸರಿಯಾಯ್ತು, ಆದ್ರೆ ಎಣ್ಣೆ ತೆಗೆದಷ್ಟೂ ಒತ್ತಡ ಬಿದ್ದು ಕೊನೆಗೆ 45 ಡಿಗ್ರಿಗೆ ಏರ್ಬೇಕಿದ್ದಿದ್ದು ಅಡ್ಡಡ್ಡ ಮಲಗ್ತು. ಅರ್ಧ ದಿನ ಕೋಡಲ್ಲಿ ತಪ್ಪು ಹುಡುಕಿದೆ, ಆಮೇಲೆ ಹೊಳೀತು, ಎಫ್-4, ಎಫ್-5 ಬಾವಿಲಿ ನೀರು ಒಳಗೆ ನೂಕ್ತಿದ್ರಲ್ಲ, ಒತ್ತಡ ಬೀಳೋಕೇ ಬಿಟ್ಟಿಲ್ಲ. ಕಣ್ಮುಚ್ಚಿ ಫಿಟ್ ಮಾಡಿದ್ರೆ ಇಲ್ಲದ ಎಣ್ಣೆನೂ ಇದೆ ಅಂತ ಬರ್ತಿತ್ತು. ಹಾಗಾಗಿ ಶುರುವಿನ ತುಂಡು ಮಾತ್ರ ಇಟ್ಕೊಂಡೆ, ಆಗಿನ್ನೂ ಎಣ್ಣೆ ಜೊತೆ ನೀರು ಬರೋದೂ ಕಮ್ಮಿ.

ಕೈಗೆ ಸಿಕ್ಕಿದ್ದು ಪರ್ಮಿಯಬಿಲಿಟಿ ಗುಣಿಸು ಪದರದ ದಪ್ಪ, ಎರಡೂ ಸೇರಿದ ಒಂದೇ ನಂಬರ್. ದಪ್ಪನ ವೆಲ್ ಲಾಗಿಂದ, ಅಂದ್ರೆ ಬಾವಿಯೊಳಗೆ ಉಪಕರಣ ಇಳಿಸಿ ಬಂಡೆ ಅಳೆದ ದಾಖಲೆಯಿಂದ ತಗೊಂಡೆ, ಎಣ್ಣೆ ಇರೋ ಹ್ಯೂಗಿನ್ ಅನ್ನೋ ಮರಳುಗಲ್ಲಿನ ಪದರದಲ್ಲಿ ಎಷ್ಟು ಭಾಗ ನಿಜವಾಗ್ಲೂ ಹರಿಯುತ್ತೆ ಅನ್ನೋದು ನನ್ನ ಅಂದಾಜೇ. ಸ್ಕಿನ್ ನಂಬರ್ ಮಾತ್ರ ಯಾರಿಗೂ ತೋರಿಸಿಲ್ಲ, ದಿನಕ್ಕೊಂದು ಸಾಲಿನ ಡೇಟಾದಿಂದ ಬಂದ ಸ್ಕಿನ್ನನ್ನ ನಾನೇ ನಂಬಲ್ಲ.