ಹೊಸಬರಿಗೆ ಮಾರ್ಗದರ್ಶಿ: ಬೇ ಏರಿಯಾದಲ್ಲಿ ಚೀನೀ ಕೈಮ ಉಂಡೆ, ಸಿಚುವಾನ್ ಊಟ

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾಕ್ಕೆ, ಅಂದರೆ ಸನಿವೇಲ್, ಕ್ಯೂಪರ್ಟಿನೊ, ಫ್ರೀಮಾಂಟ್ ಕಡೆಗೆ ಬಂದಿಳಿದವರಿಗೆ ಮಸಾಲೆ ದೋಸೆ ಎಲ್ಲಿ ಸಿಗುತ್ತೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಸಾಮಾನು ಬಿಚ್ಚುವ ಮೊದಲೇ ಹುಡುಕಿಕೊಂಡಿರುತ್ತಾರೆ. ತಲೆಬಿಸಿ ಶುರುವಾಗೋದು ಆಫೀಸಿನ ಟೀಮ್ ಲಂಚ್‌ಗೆ ಚೀನೀ ಹೋಟೆಲಿಗೆ ಹೋದಾಗ. ಇಪ್ಪತ್ತು ಪುಟದ ಮೆನು, ಅರ್ಧಕ್ಕರ್ಧ ಅರ್ಥವಾಗದ ಹೆಸರು, ಯಾವುದರಲ್ಲಿ ಯಾವ ಮಾಂಸ ಇದೆಯೋ ಗೊತ್ತಿಲ್ಲ. ಕೊನೆಗೆ ಫ್ರೈಡ್ ರೈಸ್ ತಿಂದು ವಾಪಸ್. ಖಾರ ತಿಂದು ಬೆಳೆದ ನಮ್ಮ ಜನ, ಖಾರಕ್ಕೇ ಹೆಸರಾದ ಚೀನಾದ ಸಿಚುವಾನ್ ಪ್ರಾಂತ್ಯದ ಅಡುಗೆಯ ಹೋಟೆಲಿನ ಒಳಗೆ ಕೂತು ಫ್ರೈಡ್ ರೈಸ್ ತಿನ್ನೋದು ನೋಡಿದರೆ ಹೊಟ್ಟೆ ಉರಿಯುತ್ತೆ. ಅದಕ್ಕೇ ಈ ಬರಹ.

ಮೊದಲು ಒಂದು ವಿಷಯ ಮುಗಿಸಿಬಿಡೋಣ. ಗೋಬಿ ಮಂಚೂರಿ ಇಲ್ಲಿನ ಚೀನೀ ಹೋಟೆಲಿನಲ್ಲಿ ಸಿಗೋದಿಲ್ಲ. ಮಂಚೂರಿ ಹುಟ್ಟಿದ್ದು ಮುಂಬೈಯಲ್ಲಿ. 1975ರಲ್ಲಿ ನೆಲ್ಸನ್ ವಾಂಗ್ ಅನ್ನುವ ಅಡುಗೆಯವರು ಅಲ್ಲಿನ ಕ್ರಿಕೆಟ್ ಕ್ಲಬ್ಬಿನಲ್ಲಿ ಚಿಕನ್ ಮಂಚೂರಿಯನ್ ಶುರು ಮಾಡಿದರು ಅಂತ ಹೇಳುತ್ತಾರೆ, ಗೋಬಿ ಆಮೇಲೆ ಬಂತು. ಮಕ್ಕಳು ಅದಕ್ಕೇ ಹಠ ಹಿಡಿದರೆ ಸನಿವೇಲಿನ ಎಲ್ ಕಮೀನೊ ರಸ್ತೆಯ ಇಂಡೋ-ಚೈನೀಸ್ ಹೋಟೆಲುಗಳಿಗೆ ಹೋಗಿ. ಇಲ್ಲಿಂದ ಮುಂದೆ ಬರೆದಿರೋದೆಲ್ಲ ಬೇರೆ ಊಟ.

ಬೋರ್ಡು ನೋಡಿ ಒಳಗೆ ಹೋಗಿ

'ಚೈನೀಸ್' ಅಂತ ಒಂದೇ ಅಡುಗೆ ಇಲ್ಲ. ನಮ್ಮಲ್ಲಿ ಮಂಗಳೂರಿನ ಊಟವೇ ಬೇರೆ, ಬಿಜಾಪುರದ ಊಟವೇ ಬೇರೆ ಅಲ್ವಾ, ಅಲ್ಲಿಯೂ ಹಾಗೇ. ಒಳ್ಳೇ ಕೈಮ ಉಂಡೆ ಬೇಕು ಅಂದವರು ಸಿಚುವಾನ್ ಹೋಟೆಲಿಗೆ ಹೋದರೆ ಸಾಮಾನ್ಯವಾಗಿ ನಿರಾಶೆ. ಖಾರ ಬೇಕು ಅಂದವರು ಶಾಂಘೈ ಹೋಟೆಲಿಗೆ ಹೋದರೂ ಅದೇ ಕತೆ. ಬೋರ್ಡಿನ ಮೇಲೆ ಸಿಚುವಾನ್, ಚೆಂಗ್ಡು, ಚೊಂಗ್‌ಚಿಂಗ್ ಅಂತ ಇದ್ದರೆ ಖಾರದ ಅಡುಗೆ. ಶಾಂಘೈ ಅಂತ ಇದ್ದರೆ ಸೋಯಾ ಸಾಸು, ಚೂರು ಸಿಹಿ, ನಿಧಾನಕ್ಕೆ ಬೇಯಿಸಿದ ಮಾಂಸ. ದೊಡ್ಡ ಉಂಡೆಗಳು ಸಿಗೋದು ಇಲ್ಲೇ. ಡಿಮ್ ಸಮ್ (ಪುಟ್ಟ ಪುಟ್ಟ ತಿಂಡಿಗಳು) ಅಂತ ಇದ್ದರೆ ಕ್ಯಾಂಟನ್ ಕಡೆಯದು, ಅಲ್ಲೂ ಉಂಡೆ ಇದೆ, ಆದರೆ ಬೇರೆ ಥರ.

ಇನ್ನೊಂದು ಮಾತು ನೆನಪಿಡಿ. ಮೆನುವಿನಲ್ಲಿ ಬರೀ 'ಮೀಟ್' ಅಥವಾ 'ಮಿನ್ಸ್ಡ್ ಮೀಟ್' ಅಂತಿದ್ದರೆ ಅದು ಹಂದಿ ಅಂತಲೇ ತಿಳಿಯಿರಿ. ಚೀನೀಯರಿಗೆ ಮಾಂಸ ಅಂದರೆ ಹಂದಿ. ದನದ್ದು, ಕುರಿಯದ್ದು ಆದರೆ ಮಾತ್ರ ಬಿಡಿಸಿ ಹೇಳುತ್ತಾರೆ. ಪಂದಿ ಕರಿ ತಿಂದು ಬೆಳೆದ ಕೊಡಗಿನವರಿಗೆ ಇದು ಖುಷಿಯ ಸುದ್ದಿ, ಉಳಿದವರು ಕೇಳಿ ಮುಂದುವರಿಯಿರಿ.

ಕೈಮ ಉಂಡೆ ಎಲ್ಲೆಲ್ಲಿ, ಯಾವ್ಯಾವುದು

ಉಂಡೆಗಳಲ್ಲಿ ದೊಡ್ಡದು 'ಲಯನ್ಸ್ ಹೆಡ್'. ಚೀನೀ ಹೆಸರು ಶಿ-ಜ಼ ತೌ. ಯಾಂಗ್‌ಝೌ ಊರಿನ ಕಡೆಯದು, ಶಾಂಘೈ ಹೋಟೆಲುಗಳಲ್ಲಿ ಇದ್ದೇ ಇರುತ್ತೆ. ಮುಷ್ಟಿ ಗಾತ್ರದ ಹಂದಿ ಮಾಂಸದ ಉಂಡೆ, ಮಣ್ಣಿನ ಗಡಿಗೆಯಲ್ಲಿ ಎಲೆಕೋಸಿನ ಜೊತೆ ಬರುತ್ತೆ. ಒಳ್ಳೇ ಕೈಯಲ್ಲಿ ಮಾಡಿದ್ದಾದರೆ ಮಾಂಸವನ್ನು ಯಂತ್ರಕ್ಕೆ ಹಾಕಿರೋದಿಲ್ಲ. ಕೊಬ್ಬು, ಮಾಂಸ ಎರಡನ್ನೂ ಕತ್ತಿಯಲ್ಲೇ ಸಣ್ಣಗೆ ಹೆಚ್ಚಿರುತ್ತಾರೆ. ಚಾಪ್‌ಸ್ಟಿಕ್ಕಿನಲ್ಲಿ ಎತ್ತೋಕೆ ಹೋಗಬೇಡಿ, ಮುರಿದು ಬೀಳುತ್ತೆ. ಹಾಗೆ ಮುರಿದು ಬಿದ್ದರೇನೇ ಚೆನ್ನಾಗಿ ಬೆಂದಿದೆ ಅಂತ. ಚಮಚದಲ್ಲಿ ಒಂದು ಅಂಚು ಒತ್ತಿ ತೆಗೆದು, ಅಡಿಯ ಎಲೆಕೋಸಿನ ಜೊತೆ ಬಿಳಿ ಅನ್ನಕ್ಕೆ ಹಾಕಿಕೊಳ್ಳಿ. ಕೆಂಪು ಸೋಯಾ ರಸದಲ್ಲಿ ಬೇಯಿಸಿದ್ದೂ ಇದೆ, ತಿಳಿ ರಸದ್ದೂ ಇದೆ. ಮೊದಲ ಸಲಕ್ಕೆ ಕೆಂಪಿನದೇ ಹೇಳಿ. ತಿಳಿಯದು ನಮ್ಮ ನಾಲಿಗೆಗೆ ಸಪ್ಪೆ.

ಒಂದು ತಟ್ಟೆಯಲ್ಲಿ ನಾಲ್ಕು ಉಂಡೆ ಬಂದರೆ ಅದು 'ಫೋರ್ ಜಾಯ್' ಉಂಡೆ, ಸಿ-ಶೀ ವಾನ್-ಜ಼. ಮದುವೆಗೆ, ಹೊಸ ವರ್ಷಕ್ಕೆ ಮಾಡುವಂಥದ್ದು. ಹೊರಗೆ ಅಂಟು ಅಕ್ಕಿ ಮೆತ್ತಿ ಹಬೆಯಲ್ಲಿ ಬೇಯಿಸಿದ್ದು 'ಪರ್ಲ್' ಉಂಡೆ, ಹೂಬೈ ಪ್ರಾಂತ್ಯದ್ದು. ಮಕ್ಕಳಿಗೆ ಇದು ಹಿಡಿಸುತ್ತೆ, ಖಾರವೇ ಇಲ್ಲ.

ಡಿಮ್ ಸಮ್ ಹೋಟೆಲಿನಲ್ಲಿ ಹುಷಾರು. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಎರಡೋ ಮೂರೋ ನಯವಾದ ಉಂಡೆ, ಒಳಗೆ ಕೊತ್ತಂಬರಿ ಸೊಪ್ಪು, ಅಡಿಗೆ ಸೋಯಾ ಹಾಲಿನ ಕೆನೆಯ ಹಾಳೆ, ಪಕ್ಕದಲ್ಲಿ ಕಪ್ಪು ಹುಳಿ ಸಾಸು. ನೋಡೋಕೆ ಚೆಂದ, ವಾಸನೆಯೂ ಚೆಂದ. ಆದರೆ ಅದು ದನದ ಮಾಂಸ. ಗಾಡಿ ತಳ್ಳಿಕೊಂಡು ಬರುವವರು ಬುಟ್ಟಿ ಮುಂದಿಟ್ಟು ಹೊರಟೇ ಹೋಗುತ್ತಾರೆ. ತಿನ್ನದವರು ಮುಚ್ಚಳ ತೆಗೆದಾಗಲೇ 'ಬೀಫ್?' ಅಂತ ಕೇಳಿಬಿಡಿ.

ಸಿಚುವಾನ್ ಹೋಟೆಲಿನಲ್ಲಿ ಉಂಡೆ ಇದ್ದರೆ ಅದು ಸಾಮಾನ್ಯವಾಗಿ ತಿಳಿ ಸಾರಿನಲ್ಲಿ. ಬೂದುಗುಂಬಳದ ಹೋಳು, ಸಣ್ಣ ಹಂದಿ ಉಂಡೆ, ಮೇಲೆ ಈರುಳ್ಳಿ ಸೊಪ್ಪು. ಖಾರದ ಊಟದ ನಡುವೆ ನಾಲಿಗೆಗೆ ವಿಶ್ರಾಂತಿ ಕೊಡೋಕೆ ಮಾಡುವ ಸಾರು ಇದು.

ಸಿಚುವಾನ್ ಖಾರ

'ನಾವು ಆಂಧ್ರದ ಊಟವನ್ನೇ ಅರಗಿಸಿಕೊಂಡವರು, ಇದೇನು ಮಹಾ' ಅಂತ ಹೋಗುವವರಿದ್ದಾರೆ. ಇಲ್ಲಿ ಖಾರದ ಜೊತೆಗೆ ಇನ್ನೊಂದು ಇದೆ: ತುಟಿ, ನಾಲಿಗೆ ಜುಮ್ ಅನ್ನಿಸುವ ಸಿಚುವಾನ್ ಮೆಣಸು. ಹೊನ್ನಾವರ, ಕುಮಟಾ ಕಡೆಯವರಿಗೆ ಇದು ಹೊಸದಲ್ಲ. ಬಂಗುಡೆ ಸಾರಿಗೆ ಹಾಕುವ ಜುಮ್ಮನಕಾಯಿ, ಕೊಂಕಣಿಯವರ ತೆಪ್ಪಳ, ಇದೇ ಗಿಡದ ಹತ್ತಿರದ ಸಂಬಂಧಿ. ಬೀಜ ಬಿಟ್ಟು ಸಿಪ್ಪೆ ಬಳಸೋದೂ ಎರಡರಲ್ಲೂ ಒಂದೇ. ನಿಂಬೆ, ಕಿತ್ತಳೆ ತೋಟಕ್ಕೆ ರೋಗ ತರುತ್ತೆ ಅನ್ನುವ ಭಯದಿಂದ ಅಮೆರಿಕ 1968ರಿಂದ 2005ರವರೆಗೆ ಈ ಮೆಣಸು ತರಿಸುವುದನ್ನೇ ನಿಷೇಧಿಸಿತ್ತು. ಈಗ ಯಾವ ಅಡ್ಡಿಯೂ ಇಲ್ಲ, ಧಾರಾಳವಾಗಿ ಹಾಕುತ್ತಾರೆ. ಅಭ್ಯಾಸ ಇಲ್ಲದವರು ಮೊದಲ ಸಲ 'ಮೈಲ್ಡ್' ಅಂತ ಹೇಳಿ. ಅವಮಾನ ಏನಿಲ್ಲ.

ಏನು ತರಿಸಬೇಕು? ನನ್ನ ಕೇಳಿದರೆ ಕರಾವಳಿಯವರು ಕಣ್ಣು ಮುಚ್ಚಿ 'ಬಾಯ್ಲ್ಡ್ ಫಿಶ್ ಇನ್ ಚಿಲಿ ಆಯಿಲ್' ಹೇಳಬೇಕು, ಶ್ವೇ-ಝೂ ಯೂ. ದೊಡ್ಡ ಬೋಗುಣಿ, ಮೇಲೆಲ್ಲ ಕೆಂಪೆಣ್ಣೆ, ಒಣಮೆಣಸು ತೇಲುತ್ತಿರುತ್ತೆ. ಆ ಎಣ್ಣೆ ಕುಡಿಯೋಕಲ್ಲ, ಮೀನನ್ನು ಎತ್ತಿಕೊಂಡು ಎಣ್ಣೆ ಸೋರಲು ಬಿಡಿ. ಮೀನು ಬೆಣ್ಣೆ ಹಾಗೆ ಕರಗುತ್ತೆ. ಹೆಸರು ಬಾಯ್ಲ್ಡ್ ಅಂತ ಇರೋದು ನೋಡಿ ಪಥ್ಯದ ಊಟ ಅಂದುಕೊಂಡು ಅಜ್ಜಿಗೆ ತರಿಸಬೇಡಿ.

ಕೋಳಿ ಬೇಕಾದವರಿಗೆ ಲಾ-ಜ಼ ಜೀ. ತಟ್ಟೆ ತುಂಬ ಒಣಮೆಣಸಿನಕಾಯಿ ರಾಶಿ, ಅದರೊಳಗೆ ಹುರಿದ ಕೋಳಿಯ ಸಣ್ಣ ತುಂಡು. ಮೆಣಸಿನಕಾಯಿ ಬದಿಗೆ ಸರಿಸಿ, ಕೋಳಿಯನ್ನು ಹುಡುಕಿ ಹುಡುಕಿ ತಿನ್ನಬೇಕು. ಮೂಳೆ ಇರುವ ತುಂಡುಗಳು ಜಾಸ್ತಿ, ಚಿಕ್ಕ ಮಕ್ಕಳಿಗೆ ಕೊಡುವಾಗ ನೋಡಿಕೊಳ್ಳಿ. ಮೆಣಸಿನಕಾಯಿಯನ್ನೂ ತಿನ್ನಬೇಕು ಅಂದುಕೊಂಡು ಅರ್ಧ ತಟ್ಟೆ ಮುಗಿಸಿದ ಮಹಾನುಭಾವರು ನಮ್ಮ ಕೂಟದಲ್ಲೇ ಇದ್ದಾರೆ. ಕುಂಗ್ ಪಾವ್ ಚಿಕನ್ ನಿಮಗೆ ಗೊತ್ತಿರೋದೇ, ಕಡಲೆಬೀಜ ಇರುತ್ತೆ. ಮಕ್ಕಳಿಗೆ ಅಲರ್ಜಿ ಇದ್ದರೆ ಮೊದಲೇ ಹೇಳಿ. ದಾನ್-ದಾನ್ ನೂಡಲ್ಸ್‌ಗೂ ಕಡಲೆಬೀಜ ಅಥವಾ ಎಳ್ಳು ಬೀಳುತ್ತೆ, ಮೇಲೆ ಹಂದಿ ಕೈಮ.

'ಹಸ್ಬೆಂಡ್ ಆಂಡ್ ವೈಫ್' ಅಂತ ಒಂದು ತಣ್ಣನೆಯ ತಿನಿಸು ಎಲ್ಲ ಮೆನುವಿನಲ್ಲೂ ಇರುತ್ತೆ. ಹೆಸರು ನೋಡಿ ಹೊಸ ಜೋಡಿಗಳು ತರಿಸುತ್ತಾರೆ. ಅದು ದನದ ನಾಲಿಗೆ, ಜಠರ (ಟ್ರೈಪ್) ಬೆರೆಸಿದ್ದು.

ಸಸ್ಯಾಹಾರಿಗಳಿಗೆ

ಸಸ್ಯಾಹಾರಿಗಳು ಸಿಚುವಾನ್ ಹೋಟೆಲಿನಲ್ಲಿ ನಿಜಕ್ಕೂ ಚೆನ್ನಾಗಿ ಊಟ ಮಾಡಬಹುದು. ಸ್ವಲ್ಪ ಬಾಯಿ ಬಿಡಬೇಕು ಅಷ್ಟೇ. ಮಾಪೋ ತೋಫು ಎಲ್ಲರಿಗೂ ಗೊತ್ತು. ಚೆಂಗ್ಡು ಊರಿನದು. ಅದರ ಖಾರ ಬರೋದು ಅವರೆಯಂಥ ಕಾಳು, ಮೆಣಸಿನಕಾಯಿ ಸೇರಿಸಿ ಹುದುಗಿಸಿದ ಪೇಸ್ಟಿನಿಂದ. ಆದರೆ ಮಾಮೂಲಿ ಮಾಪೋದಲ್ಲಿ ದನದ್ದೋ ಹಂದಿಯದ್ದೋ ಕೈಮ ಇರುತ್ತೆ. 'ನೋ ಮೀಟ್' ಅಂದರೆ ಸಾಲದು, ಕೋಳಿ ಸಾರು ಹಾಕಿ ಮಾಡುತ್ತಾರೆ. ಬದನೆಕಾಯಿಯ 'ಫಿಶ್ ಫ್ಲೇವರ್' ಪಲ್ಯದಲ್ಲಿ ಮೀನು ಇರೋದಿಲ್ಲ, ಆದರೆ ಹಂದಿ ಕೈಮ ಬೀಳಬಹುದು. ಹುರಿದ ಹುರುಳಿಕಾಯಿಯದೂ ಇದೇ ಕತೆ, ಅದಕ್ಕೆ ಒಣ ಸಿಗಡಿಯೂ ಬೀಳುತ್ತೆ. ಫೋನಿನ ಅನುವಾದದ ಆಪ್‌ನಲ್ಲಿ 'ಮಾಂಸ, ಮೀನು, ಸಿಗಡಿ, ಕೋಳಿ ಸಾರು, ಆಯ್ಸ್ಟರ್ ಸಾಸು, ಹಂದಿ ಕೊಬ್ಬು ಬೇಡ' ಅಂತ ಬರೆದು ಚೀನೀ ಲಿಪಿಯಲ್ಲಿ ಉಳಿಸಿಟ್ಟುಕೊಳ್ಳಿ. ತೋರಿಸಿದರೆ ಬಡಿಸುವವರು ಒಳಗೆ ಹೋಗಿ ಕೇಳಿಕೊಂಡು ಬರುತ್ತಾರೆ. ಜಜ್ಜಿದ ಸೌತೆಕಾಯಿ, ಹೆಸರುಕಾಳಿನ ಹಿಟ್ಟಿನ ತಣ್ಣನೆ ಜೆಲ್ಲಿ, ಮರದಣಬೆ ಸಲಾಡ್: ಈ ಮೂರು ಸಾಮಾನ್ಯವಾಗಿ ಸೇಫ್.

ಈರುಳ್ಳಿ ಬೆಳ್ಳುಳ್ಳಿ ತಿನ್ನದವರು, ಚಾತುರ್ಮಾಸ್ಯ ಹಿಡಿದವರು ಬೌದ್ಧ ಸಸ್ಯಾಹಾರಿ ಹೋಟೆಲು ಹುಡುಕಿ. ಬೌದ್ಧ ಸನ್ಯಾಸಿಗಳ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಳಸೋದಿಲ್ಲ. ಇಲ್ಲಿನ ಎಲ್ಲ ವೀಗನ್ ಚೀನೀ ಹೋಟೆಲೂ ಅದನ್ನು ಪಾಲಿಸಲ್ಲ, ಕೇಳಿಕೊಳ್ಳಿ. ತೋಫು, ಅಣಬೆಯಲ್ಲಿ ಮಾಡಿದ 'ವೆಜ್ ಲಯನ್ಸ್ ಹೆಡ್' ಸಿಕ್ಕರೆ ಬಿಡಬೇಡಿ.

ಹಲಾಲ್ ಬೇಕಾದವರಿಗೆ ಮಿಲ್ಪಿಟಾಸ್, ಫ್ರೀಮಾಂಟ್ ಕಡೆ ಚೀನೀ ಮುಸ್ಲಿಮರ ಹೋಟೆಲುಗಳಿವೆ. ಅಲ್ಲಿ ಹಂದಿ ಇಲ್ಲವೇ ಇಲ್ಲ. ಜೀರಿಗೆ ಹಾಕಿದ ಕುರಿ ಮಾಂಸ, ಎಳ್ಳು ಮೆತ್ತಿದ ದಪ್ಪ ರೊಟ್ಟಿ ತರಿಸಿ.

ಹಾಟ್ ಪಾಟ್

ನಾಲ್ಕು ಥರದ ನಾಲಿಗೆ ಇರುವ ಮನೆಯವರಿಗೆ ಹೇಳಿ ಮಾಡಿಸಿದ್ದು ಹಾಟ್ ಪಾಟ್: ಮೇಜಿನ ಮೇಲೇ ಕುದಿಯುವ ಸಾರಿನಲ್ಲಿ ಮಾಂಸ, ತರಕಾರಿಯನ್ನು ನಾವೇ ಬೇಯಿಸಿಕೊಂಡು ತಿನ್ನೋದು. ಕ್ಯೂಪರ್ಟಿನೊದ ಸ್ಟೀವನ್ಸ್ ಕ್ರೀಕ್ ರಸ್ತೆಯ ಹಾಯ್‌ದಿಲಾವ್ ಹೆಸರುವಾಸಿ. 1994ರಲ್ಲಿ ಸಿಚುವಾನ್‌ನ ಜಿಯಾನ್‌ಯಾಂಗ್‌ನಲ್ಲಿ ಶುರುವಾದ ಹೋಟೆಲು ಇದು. ಪಾತ್ರೆಯಲ್ಲಿ ನಾಲ್ಕು ಭಾಗ ಇರುತ್ತೆ. ಒಂದರಲ್ಲಿ ಟೊಮೆಟೊ, ಒಂದರಲ್ಲಿ ಅಣಬೆ, ಒಂದರಲ್ಲಿ ಖಾರ. ಆ ಖಾರದ ಸಾರಿಗೆ ಸಾಮಾನ್ಯವಾಗಿ ದನದ ಕೊಬ್ಬು ಹಾಕುತ್ತಾರೆ. ಇದು ಮೆನುವಿನಲ್ಲಿ ಎದ್ದು ಕಾಣೋದಿಲ್ಲ, ಬಹಳ ಜನಕ್ಕೆ ಗೊತ್ತೂ ಇಲ್ಲ. ಎಣ್ಣೆಯಲ್ಲಿ ಮಾಡಿದ್ದು ಇದೆಯಾ ಅಂತ ಕೇಳಿ. ಟೊಮೆಟೊ, ಅಣಬೆ ಸಾರನ್ನೂ ವೆಜ್ ಅಂತ ಸುಮ್ನೆ ನಂಬಬೇಡಿ, ಅದರಲ್ಲಿ ಏನಿದೆ ಕೇಳಿ. ಒಂದೇ ಪಾತ್ರೆ ಆದ್ದರಿಂದ ಖಾರ ಕುದಿಯುವಾಗ ಪಕ್ಕಕ್ಕೆ ಹಾರುತ್ತೆ. ಅದು ಆಗಲ್ಲ ಅನ್ನುವವರು ಒಬ್ಬೊಬ್ಬರಿಗೆ ಬೇರೆ ಪಾತ್ರೆ ಕೊಡುವ ಹೋಟೆಲು ನೋಡಿ. ಉಂಡೆ ಪ್ರಿಯರಿಗೆ ಇಲ್ಲೂ ಹಬ್ಬ: ಮೀನಿನ ಉಂಡೆ, ಸಿಗಡಿ ಉಂಡೆ, ಹಲ್ಲಿಗೆ ಪುಟಿಯುವ ದನದ ಉಂಡೆ. ತೇಲಿ ಮೇಲೆ ಬಂದಮೇಲೂ ಒಂದೆರಡು ನಿಮಿಷ ಬಿಡಿ, ಒಳಗೆ ಕೆಂಡದಂತೆ ಬಿಸಿ ಇರುತ್ತೆ, ಆರಿಸಿ ಮಕ್ಕಳಿಗೆ ಕೊಡಿ.

ಎಲ್ಲಿಗೆ ಹೋಗೋದು

ಹೋಟೆಲುಗಳು ಬರುತ್ತವೆ, ಮುಚ್ಚುತ್ತವೆ. ಹಾಗಾಗಿ ಅಂಗಡಿ ಸಾಲುಗಳ ಹೆಸರು ಇಟ್ಟುಕೊಂಡರೆ ಉಪಯೋಗ ಜಾಸ್ತಿ. ಮಿಲ್ಪಿಟಾಸಿನಲ್ಲಿ 237, 880 ಹೆದ್ದಾರಿ ಸೇರುವ ಹತ್ತಿರ ಬಾರ್ಬರ್ ಲೇನ್‌ನ ಮಿಲ್ಪಿಟಾಸ್ ಸ್ಕ್ವೇರ್. ಕ್ಯೂಪರ್ಟಿನೊದಲ್ಲಿ ವುಲ್ಫ್, ಹೋಮ್‌ಸ್ಟೆಡ್ ರಸ್ತೆ ಸೇರುವಲ್ಲಿ ಕ್ಯೂಪರ್ಟಿನೊ ವಿಲೇಜ್. ಎರಡರಲ್ಲೂ 99 ರಾಂಚ್ ದಿನಸಿ ಅಂಗಡಿ ಇದೆ, ಸುತ್ತ ಚೀನೀ ಹೋಟೆಲುಗಳು. ಊಟ ಮುಗಿಸಿ ಅಲ್ಲೇ ಸಿಚುವಾನ್ ಮೆಣಸು, ಮಾಪೋ ಪೇಸ್ಟು ತಂದುಕೊಳ್ಳಬಹುದು. ವ್ಯಾಲಿ ಫೇರ್ ಮಾಲಿನ ಡಿನ್ ಟೈ ಫಂಗ್‌ಗೆ ಎಲ್ಲರೂ ಹೋಗುತ್ತಾರೆ. ಮಕ್ಕಳಿಗೆ ಚೆನ್ನಾಗಿದೆ, ತರಕಾರಿ ಡಂಪ್ಲಿಂಗ್ ಸಿಗುತ್ತೆ, ಆದರೆ ಅದು ತೈವಾನಿನದು. ಸಿಚುವಾನ್ ಅಂದುಕೊಂಡು ಹೋಗಬೇಡಿ.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತೋಕೆ ಹೊರಟ ದಿನ ಚೈನಾಟೌನ್‌ನ ಜಾಕ್ಸನ್ ಬೀದಿಗೆ ಹೋಗಿ. ಝಡ್ ಅಂಡ್ ವೈ ಅನ್ನುವ ಸಿಚುವಾನ್ ಹೋಟೆಲು ಅಲ್ಲೇ, ಮೇಲೆ ಹೇಳಿದ ಮೆಣಸಿನಕಾಯಿ ರಾಶಿಯ ಕೋಳಿಗೆ ಹೆಸರುವಾಸಿ. ಅದೇ ಬೀದಿಯಲ್ಲಿ ಶಾಂಘೈ ಅಡುಗೆಯೂ ಸಿಗುತ್ತೆ. ಕಾರು ತಗೊಂಡು ಹೋದರೆ ಪಾರ್ಕಿಂಗ್‌ಗೇ ಅರ್ಧ ಜೀವ ಹೋಗುತ್ತೆ. ಕ್ಯಾಲ್‌ಟ್ರೇನ್ ಹಿಡಿದು ಕೊನೇ ಸ್ಟೇಷನ್ನಿನಲ್ಲಿ ಇಳಿದು, ಟಿ ಲೈನ್ ಟ್ರೇನಿನಲ್ಲಿ ಚೈನಾಟೌನ್–ರೋಸ್ ಪಾಕ್ ನಿಲ್ದಾಣಕ್ಕೆ ಹೋಗಿ. ಅಲ್ಲಿಂದ ನಡೆದೇ ಹೋಗಬಹುದು.

ದುಡ್ಡಿನ ವಿಷಯ. ಅನ್ನಕ್ಕೆ ಬೇರೆ ದುಡ್ಡು ತಗೋತಾರೆ, ಟೀಗೂ ಕೆಲವು ಕಡೆ ತಗೋತಾರೆ. ಜನ ಜಾಸ್ತಿ ಇದ್ದರೆ ಟಿಪ್ಸನ್ನು ಬಿಲ್ಲಿನಲ್ಲೇ ಸೇರಿಸಿರಬಹುದು, ಮತ್ತೆ ಕೊಡುವ ಮುಂಚೆ ಬಿಲ್ಲು ಓದಿ. ಮಧ್ಯಾಹ್ನ ಎರಡೂವರೆ ಮೂರರಿಂದ ಐದರವರೆಗೆ ಬಹಳ ಕಡೆ ಬಾಗಿಲು ಹಾಕಿರುತ್ತಾರೆ. ನಾಲ್ಕು ಜನಕ್ಕೆ ಮೂರು ತಟ್ಟೆ, ಅನ್ನ ಸಾಕು. ಎಲ್ಲವನ್ನೂ ಮೇಜಿನ ನಡುವೆ ಇಟ್ಟು ಹಂಚಿಕೊಳ್ಳೋದು ಅಲ್ಲಿನ ಪದ್ಧತಿ. ಉಳಿದದ್ದಕ್ಕೆ ಡಬ್ಬ ಕೇಳಿದರೆ ಯಾರೂ ಏನೂ ಅಂದುಕೊಳ್ಳಲ್ಲ.

ಚೀನೀ ಹೊಸ ವರ್ಷ ಜನವರಿ 21ರಿಂದ ಫೆಬ್ರವರಿ 20ರೊಳಗೆ ಬರುತ್ತೆ. ಆ ವಾರಾಂತ್ಯದಲ್ಲಿ ಹೇಳದೆ ಹೋದರೆ ಜಾಗ ಸಿಗೋದು ಕಷ್ಟ. ಹತ್ತು ಜನ ಸೇರಿ ಹೋಗೋದಾದರೆ ಎರಡು ವಾರ ಮುಂಚೆಯೇ ಫೋನ್ ಮಾಡಿ ದುಂಡು ಮೇಜು ಹೇಳಿಡಿ, ನಾಲ್ಕುಂಡೆಯ ತಟ್ಟೆ ಮಾಡಿಕೊಡುತ್ತೀರಾ ಅಂತಲೂ ಅದೇ ಫೋನಿನಲ್ಲಿ ಕೇಳಿಬಿಡಿ.