ಎಸಿ ಕೂಲ್ ಆಗ್ತಿಲ್ಲ ಅಂದ್ರೆ ನಾನು ಮೊದಲು ನೋಡೋದು ಪ್ಲಗ್ಗನ್ನ

ದಾವಣಗೆರೇಲಿ ಎಸಿ ರಿಪೇರಿ ನನ್ನ ಕಸುಬು. ಮಾರ್ಚ್ ಬಂತು ಅಂದ್ರೆ ಫೋನ್ ಮೇಲೆ ಫೋನ್, ಎಲ್ಲರ್ದೂ ಒಂದೇ ಮಾತು, "ಅಣ್ಣಾ ಕೂಲಿಂಗ್ ಇಲ್ಲ, ಗ್ಯಾಸ್ ಹೋಗಿರ್ಬೇಕು, ಬಂದು ತುಂಬಿಸ್ಕೊಡಿ" ಅಂತ. ನಾನು ಹೋದ ತಕ್ಷಣ ಗ್ಯಾಸಿನ ಪ್ರೆಶರ್ ನೋಡೋ ಗೇಜ್ ಹಾಕಲ್ಲ. ಒಂದಿಪ್ಪತ್ತು ನಿಮಿಷ ಎಸಿ ಓಡ್ಸಿ, ಕರೆಂಟ್ ಜಾಸ್ತಿ ಆದ್ರೆ ತಾನೇ ಬೀಳೋ ಸ್ವಿಚ್ಚು, ಅಂದ್ರೆ ಎಮ್‌ಸಿಬಿ ಇಳ್ಸಿ, ಆಮೇಲೆ ಪ್ಲಗ್ ಮೇಲೆ ಬೆರಳಿನ ಹಿಂಭಾಗ ಇಟ್ಟು ನೋಡ್ತೀನಿ. ಸ್ವಲ್ಪ ಬೆಚ್ಚಗಿದ್ರೆ ಸರಿ, ಬೆರಳು ಇಡಕ್ಕಾಗದಷ್ಟು ಸುಡ್ತಿದ್ರೆ ಅವತ್ತು ಗ್ಯಾಸಿನ ಮಾತೇ ಇಲ್ಲ.

ಒಂದು ಮನೇಲಿ ಅಜ್ಜಿ ಹೇಳಿದ್ರು, "ರಾತ್ರಿ ಹೊತ್ತು ಮೀನು ಸುಟ್ಟಂಗೆ ವಾಸ್ನೆ ಬರ್ತೈತಪ್ಪ, ನಮ್ಮನೇಲಿ ಯಾರೂ ಮೀನು ತಿನ್ನಲ್ಲ, ಎಲ್ಲಿಂದ ಬರ್ತೈತೋ ಗೊತ್ತಿಲ್ಲ" ಅಂತ. ಮನೆಯವರೆಲ್ಲ ಪಕ್ಕದ ಮನೆಯ ಅಡುಗೆ ಇರ್ಬೇಕು ಅಂತ ಸುಮ್ನಿದ್ರು. ನನಗೆ ಅದನ್ನ ಕೇಳಿದ ಕೂಡ್ಲೇ ಎದೆ ಧಸಕ್ ಅಂತು, ಯಾಕಂದ್ರೆ ಸ್ವಿಚ್ಚು ಸಾಕೆಟ್ಟಿನ ಪ್ಲಾಸ್ಟಿಕ್ ಒಳಗೇ ಬೇಯೋಕೆ ಶುರುವಾದ್ರೆ ಎಷ್ಟೋ ಸಲ ಬರೋದು ಅದೇ ಮೀನಿನ ಥರದ ವಾಸ್ನೆ. ಮಂಚ ಎಳೆದು, ಕರ್ಟನ್ ಸರ್ಸಿ ನೋಡಿದ್ರೆ ಸಾಕೆಟ್ಟಿನ ಒಂದು ತೂತಿನ ಸುತ್ತ ಕಂದು ಬಣ್ಣಕ್ಕೆ ತಿರುಗಿತ್ತು. ಮೇನ್ ಆಫ್ ಮಾಡಿ ಪ್ಲಗ್ ಕೀಳೋಕೆ ಹೋದ್ರೆ ಬರ್ಲೇ ಇಲ್ಲ, ಪಿನ್ನು ಪ್ಲಾಸ್ಟಿಕ್ಕಿಗೆ ಅಂಟ್ಕೊಂಡಿತ್ತು. ಬಾಕ್ಸ್ ಬಿಚ್ಚಿದ್ರೆ ವೈರಿನ ಮೇಲಿನ ಪದರ ಗೇಣುದ್ದ ಒಣಗಿ, ಬಗ್ಸಿದ್ರೆ ಪಟಪಟ ಉದುರ್ತಾ ಇತ್ತು, ಅದರ ಹಿಂದೆ ಕಪ್ಪು ಟೇಪ್ ಸುತ್ತಿದ್ದ ಒಂದು ಜಾಯಿಂಟು. ಇಷ್ಟೆಲ್ಲ ಆಗಿದ್ರೂ ಎಮ್‌ಸಿಬಿ ಒಂದು ಸಲಾನೂ ಬಿದ್ದಿರ್ಲಿಲ್ಲ!

ಇದನ್ನ ಜನಕ್ಕೆ ಎಷ್ಟು ಹೇಳಿದ್ರೂ ಸಾಲ್ದು ನನಗೆ. ಎಮ್‌ಸಿಬಿ ಬೀಳೋದು ಕರೆಂಟ್ ಜಾಸ್ತಿ ಹರಿದಾಗ, ಇಲ್ಲಾ ಶಾರ್ಟ್ ಆದಾಗ. ಲೂಸ್ ಕಾಂಟ್ಯಾಕ್ಟಲ್ಲಿ ಕರೆಂಟ್ ಜಾಸ್ತಿ ಏನೂ ಆಗಲ್ಲ, ಹಳೇ 1.5 ಟನ್ ಎಸಿ ಎಳೆಯೋ ಅದೇ ಏಳೆಂಟು ಆಂಪ್ಸು, ಆದ್ರೆ ಅಷ್ಟೂ ಆ ಸಣ್ಣ ಜಾಗದಲ್ಲಿ ನುಗ್ಗಬೇಕು, ಬಿಸಿ ಆಗುತ್ತೆ, ಬಿಸಿಗೆ ಒಳಗಿನ ಹಿತ್ತಾಳೆ ಹಿಡಿತ ಸಡಿಲ ಆಗುತ್ತೆ, ಸಡಿಲ ಆದಷ್ಟೂ ಇನ್ನೂ ಬಿಸಿ. ಗಂಟೆಗಟ್ಲೆ ಹೀಗೇ, ಅದೂ ಎಲ್ಲರೂ ಮಲಗಿರೋ ಹೊತ್ತಲ್ಲಿ. ಎಮ್‌ಸಿಬಿಗೆ ಅದು ಗೊತ್ತೇ ಆಗಲ್ಲ.

ಆ ಮನೇಲಿ ನಾನು ಹಳೇದೆಲ್ಲ ಕಿತ್ತು, ಎಲ್ಲ ಬ್ರೇಕರ್ ಸ್ವಿಚ್ಚುಗಳಿರೋ ಡಿಬಿ ಬಾಕ್ಸಿಂದ ಎಸಿವರೆಗೂ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳ್ದೆ, ನಡುವೆ ಒಂದೂ ಜಾಯಿಂಟ್ ಇಲ್ದಂಗೆ. ಎಸಿ ಶುರುವಾಗೋ ಕ್ಷಣದ ಕರೆಂಟ್ ಏರಿಕೆಗೆ ಸುಮ್ಸುಮ್ನೆ ಬೀಳದ 20 ಆಂಪಿನ ಸಿ ಕರ್ವ್ ಎಮ್‌ಸಿಬಿ, ಮೆಟಲ್ ಬಾಕ್ಸಿನ ಸಾಕೆಟ್, ಜೊತೆಗೆ ಅರ್ಥ್ ವೈರ್. ಹೌದು, ಅಲ್ಲಿ ಅರ್ಥ್ ಪಿನ್ನಿಗೆ ವೈರೇ ಕೊಟ್ಟಿರ್ಲಿಲ್ಲ. ಔಟ್‌ಡೋರ್ ಯೂನಿಟ್ ಇದ್ದಿದ್ದು ಮಹಡಿ ಮೇಲೆ ಕಬ್ಬಿಣದ ಸ್ಟ್ಯಾಂಡಲ್ಲಿ, ಬಟ್ಟೆ ಒಣಗ್ಸೋ ತಂತೀನ ಅದೇ ಸ್ಟ್ಯಾಂಡಿಗೆ ಕಟ್ಟಿದ್ರು. ಕಂಪ್ರೆಸರ್ ಒಳಗಿನ ವೈಂಡಿಂಗ್ ವೈರ್ ಯೂನಿಟ್ಟಿನ ಲೋಹದ ಮೈಗೆ ತಾಗಿದ್ರೆ ಒದ್ದೆ ಬಟ್ಟೆ ಹಿಡಿದು ನಿಂತವರ ಗತಿ ಏನು? ತಂತಿ ಬಿಚ್ಚಿ ಬೇರೆ ಕಡೆ ಕಟ್ಟಿಸ್ದೆ, ಕರೆಂಟ್ ಸೋರಿದ್ರೆ ತಕ್ಷಣ ಕಟ್ ಮಾಡೋ 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕ್ಸಿ ಅಂತ ಹಟ ಹಿಡಿದು ಹಾಕ್ಸಿದೆ.

ಈಗ ಗ್ಯಾಸ್. ಅದು ಅಡುಗೆ ಸಿಲಿಂಡರ್ ಥರ ಉರಿದು ಖಾಲಿ ಆಗೋ ವಸ್ತು ಅಲ್ಲ, ಪೈಪಲ್ಲಿ ಸುತ್ತುತ್ತಾನೇ ಇರುತ್ತೆ. ಕಡಿಮೆ ಆಗಿದೆ ಅಂದ್ರೆ ಎಲ್ಲೋ ಲೀಕ್ ಇದೆ ಅಂತಾನೇ ಅರ್ಥ. ವರ್ಷಾ ವರ್ಷಾ ಟಾಪ್ ಅಪ್ ಮಾಡಿಸ್ಕೊಳ್ಳೋದು ಲೀಕನ್ನ ದುಡ್ಡು ಕೊಟ್ಟು ಸಾಕ್ಕೊಂಡಂಗೆ. ಈಗಿನ ಎಸಿಗಳಲ್ಲಿ ಹೆಚ್ಚಾಗಿ ಇರೋ ಆರ್32 ಸ್ವಲ್ಪ ಮಟ್ಟಿಗೆ ಹೊತ್ಕೊಳ್ಳೋ ಗ್ಯಾಸು, ಕೆಲವು ಮಾಡೆಲ್ಲಲ್ಲಿರೋ ಆರ್290 ಅಂತೂ ಪ್ರೋಪೇನೇ. ಅಡುಗೆ ಗ್ಯಾಸಿಗೆ ಹಾಕೋ ವಾಸ್ನೆ ಇವಕ್ಕೆ ಹಾಕಿರಲ್ಲ, ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಸೇರ್ಕೊಳ್ಳುತ್ತೆ. ಆರ್32, ಹಳೇ ಎಸಿಗಳ ಆರ್22 ಥರದವು ಬೆಂಕಿಗೆ ಸಿಕ್ರೆ ಹೈಡ್ರೋಜನ್ ಫ್ಲೋರೈಡ್ ಅನ್ನೋ ವಿಷ ಬರುತ್ತೆ. ಅದಕ್ಕೇ ಲೀಕ್ ಅನುಮಾನ ಬಂದ್ರೆ ನಾನು ಮೊದಲು ಕಿಟಕಿ ಬಾಗಿಲು ತೆಗೆಸ್ತೀನಿ, ಊದಿನಕಡ್ಡಿ ದೀಪ ಏನೇ ಇದ್ರೂ ಆರಿಸ್ತೀನಿ, ಆಮೇಲೆ ಟೂಲ್ ಬ್ಯಾಗ್ ಬಿಚ್ಚೋದು.

ಲೀಕ್ ಹುಡುಕೋದು ನೈಟ್ರೋಜನ್ ಪ್ರೆಶರ್ ಕೊಟ್ಟು, ಸೋಪಿನ ನೀರು ಹಚ್ಚಿ. ಪೈಪ್ ಜೋಡಿಸೋ ಫ್ಲೇರ್ ನಟ್ ಹತ್ರ ಗುಳ್ಳೆ ಎದ್ರೆ ಕಳ್ಳ ಸಿಕ್ಕಂಗೆ. ನೈಟ್ರೋಜನ್ ಸಿಗ್ಲಿಲ್ಲ ಅಂತ ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರ್ ತಂದು ಪ್ರೆಶರ್ ಕೊಡೋರು ಇದಾರೆ. ದಯವಿಟ್ಟು ಹಂಗೆ ಮಾಡೋಕೆ ಬಿಡ್ಬೇಡಿ. ಒಳಗೆ ಕಂಪ್ರೆಸರ್ ಆಯಿಲ್ ಇರುತ್ತೆ, ಪ್ರೆಶರಲ್ಲಿ ಆಕ್ಸಿಜನ್ನೂ ಆಯಿಲ್ಲೂ ಸೇರಿದ್ರೆ ಬಾಂಬೇ, ನಮ್ಮ ಕಸುಬಿನ ಹುಡುಗ್ರು ಪ್ರಾಣ ಕಳ್ಕೊಳ್ಳೋದು ಇಂಥದ್ರಲ್ಲಿ. ಹಾಗೇ ಆರ್22 ಮಶೀನಿಗೆ ಅಗ್ಗ ಅಂತ ಪ್ರೋಪೇನ್ ಹಾಕೋದು, ಆರ್32 ಹಾಕೋದು ಯಾವುದೂ ಬೇಡ, ಆ ಮಶೀನ್ ಅದಕ್ಕೆ ಅಂತ ಮಾಡಿದ್ದಲ್ಲ.

ನೀರು ಸೋರೋದು ಹೆಚ್ಚಾಗಿ ಡ್ರೈನ್ ಪೈಪ್ ಕಟ್ಕೊಂಡು. ಇಂಡೋರ್ ಕೆಳಗೇ ಸ್ವಿಚ್ ಬೋರ್ಡ್ ಇದ್ರೆ ಅವತ್ತೇ ಎಸಿ ಆಫ್ ಮಾಡ್ಬಿಡಿ. ಬ್ಲೋವರ್ ಬಿಚ್ಚಿದಾಗ ಸಿಗೋ ಕಪ್ಪು ಲೋಳೆ ಬೂಷ್ಟು, ಆಸ್ತಮಾ ಇರೋ ಮಕ್ಕಳ ಮುಖಕ್ಕೆ ಅದರ ಮೇಲಿನ ಗಾಳೀನೇ ಹೊಡೀತಿರುತ್ತೆ, ಬರೀ ಫಿಲ್ಟರ್ ತೊಳೆದ್ರೆ ಅದು ಹೋಗಲ್ಲ.

ಇನ್ನೊಂದು, ವಯಸ್ಸಾದವರು ಮಲಗೋ ರೂಮು. ಎಸಿ ಸುಮ್ನೆ ಬಿಸಿ ಗಾಳಿ ಊದ್ತಾ ಇರುತ್ತೆ, ಕೂಲಿಂಗಿಗೆ ಅಂತ ಕಿಟಕಿ ಎಲ್ಲ ಮುಚ್ಚಿರ್ತಾರೆ, ಏಪ್ರಿಲ್ ಮೇ ತಿಂಗಳಲ್ಲಿ ಆ ರೂಮು ಬೆಂದು ಹೋಗಿರುತ್ತೆ. ನಾನು ಬರೋವರೆಗೂ ಕಾಯ್ಬೇಡಿ, ಕಿಟಕಿ ತೆಗೀರಿ, ಒದ್ದೆ ಬಟ್ಟೇಲಿ ಮೈ ಒರೆಸಿ, ನೀರು ಕುಡಿಸಿ. ಮೈ ಕೆಂಡದಂಗಾಗಿ ಏನೇನೋ ಮಾತಾಡೋಕೆ ಶುರು ಮಾಡಿದ್ರೆ 108ಕ್ಕೆ ಫೋನ್ ಮಾಡಿ, ಎಸಿ ಮೆಕ್ಯಾನಿಕ್‌ಗಲ್ಲ.

ಯಾರೇ ರಿಪೇರಿಗೆ ಬಂದ್ರೂ ಲೀಕ್ ಎಲ್ಲಿದೆ ತೋರ್ಸಿ ಅಂತ ಕೇಳಿ, ತುಂಬ್ತಿರೋ ಗ್ಯಾಸಿನ ಹೆಸರು ಔಟ್‌ಡೋರಿನ ಪ್ಲೇಟಲ್ಲಿ ಇರೋದೇನಾ ಅಂತ ಓದಿ ನೋಡಿ, ಕೆಲಸ ಮುಗಿದ ಮೇಲೆ ಅವರು ಹೋಗೋಕೆ ಮುಂಚೆ ಪ್ಲಗ್ ಬಿಸಿ ಇನ್ನೊಂದು ಸಲ ಚೆಕ್ ಮಾಡಿಸ್ಕೊಳ್ಳಿ.