ಮೊಣಕಾಲಿನ ಎಕ್ಸ್‌ರೇ ಸರಿಯಾಗಿ ತೆಗೆಸುವುದು ಹೇಗೆ?

ಆಳಂದ, ಸೇಡಂ, ಜೇವರ್ಗಿ ಕಡೆಯಿಂದ ಮೊಣಕಾಲು ನೋವೆಂದು ಕಲಬುರಗಿಗೆ ಬರುವ ಎಷ್ಟೋ ಮಂದಿಯ ಕೈಯಲ್ಲಿ ಆಗಲೇ ಒಂದು ಎಕ್ಸ್‌ರೇ ಇರುತ್ತದೆ. ಅದನ್ನು ಮಲಗಿಸಿ ತೆಗೆದಿದ್ದರೆ ಕೀಲು ಸವೆತದ, ಅಂದರೆ ಆಸ್ಟಿಯೋಆರ್ಥ್ರೈಟಿಸ್‌ನ ಮಟ್ಟಿಗೆ ಅದರಿಂದ ತಿಳಿಯುವುದು ಕಡಿಮೆ. ಹಣವೂ ಹೋಗಿ, ಎರಡನೆಯ ಸಲ ತೆಗೆಸುವ ಪಾಳಿಯೂ ಬರುತ್ತದೆ.

ಮೊದಲು, ಎಕ್ಸ್‌ರೇ ಬೇಕೇ ಎಂದು ವೈದ್ಯರನ್ನು ಕೇಳಬೇಕು. ವಯಸ್ಸು 45 ದಾಟಿದ್ದು, ಓಡಾಡಿದಾಗ ನೋವು ಬಂದು, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಡುತ್ತಿದ್ದರೆ ಪರೀಕ್ಷಿಸಿ ನೋಡಿಯೇ ಸವೆತವೆಂದು ಹೇಳಬಹುದು ಎನ್ನುತ್ತದೆ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ. ಬಿದ್ದು ಪೆಟ್ಟಾಗಿದ್ದರೆ, ಕೀಲು ಬಿಸಿಯಾಗಿ ಊದಿದ್ದರೆ, ನೋವು ದಿಢೀರನೆ ಹೆಚ್ಚಿದ್ದರೆ ಅಥವಾ ಶಸ್ತ್ರಚಿಕಿತ್ಸೆಯ ಮಾತು ಬಂದಿದ್ದರೆ ಚಿತ್ರ ಬೇಕಾಗುತ್ತದೆ.

ಎರಡನೆಯದು, ವೈದ್ಯರ ಚೀಟಿ. ಅದರಲ್ಲಿ ‘ಎರಡೂ ಮೊಣಕಾಲು, ನಿಂತು, ಎಪಿ ಮತ್ತು ಲ್ಯಾಟರಲ್’ ಎಂದು, ಅಂದರೆ ಮುಂದಿನಿಂದಲೂ ಪಕ್ಕದಿಂದಲೂ ತೆಗೆಯಬೇಕೆಂದು, ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ಮೆಟ್ಟಿಲು ಇಳಿಯುವಾಗ ಮೊಣಚಿಪ್ಪಿನ ಹಿಂದೆ ನೋವಿದ್ದರೆ ‘ಸ್ಕೈಲೈನ್’ ಎಂಬುದನ್ನೂ, ಅಂದರೆ ಮೊಣಕಾಲು ಬಾಗಿಸಿ ಮೊಣಚಿಪ್ಪನ್ನು ತೋರಿಸುವ ಚಿತ್ರವನ್ನೂ, ಸೇರಿಸಲು ಕೇಳಬಹುದು.

ಕೆಲಸ ಕೆಡುವುದು ಮೂರನೆಯ ಹಂತದಲ್ಲಿ. ಕೀಲಿನಲ್ಲಿ ಮೂಳೆಯ ತುದಿಗಳಿಗೆ ಹೊದಿಕೆಯಾಗಿದ್ದು ಸವೆಯುವ ಮೃದ್ವಸ್ಥಿ (ಕಾರ್ಟಿಲೇಜ್) ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಕಾಣುವುದು ತೊಡೆಯ ಮೂಳೆಗೂ ಕಣಕಾಲಿನ ಮೂಳೆಗೂ ನಡುವಿನ ಖಾಲಿ ಜಾಗ ಮಾತ್ರ. ಮಲಗಿದಾಗ ಕೀಲಿನ ಮೇಲೆ ಭಾರವಿಲ್ಲದ ಕಾರಣ, ಸವೆದ ಮೊಣಕಾಲಿನಲ್ಲಿಯೂ ಆ ಜಾಗ ತೆರೆದೇ ಕಾಣಬಹುದು. ನಿಂತಾಗ ಮೈಭಾರ ಬಿದ್ದು ಮೂಳೆಗಳು ಹತ್ತಿರ ಬರುತ್ತವೆ, ಸವೆತ ಬಯಲಾಗುತ್ತದೆ. ಆದರೆ ನಿಂತರಷ್ಟೇ ಸಾಲದು. ನೋವಿರುವವರು ತಮಗರಿವಿಲ್ಲದೆ ಭಾರವನ್ನೆಲ್ಲ ಚೆನ್ನಾಗಿರುವ ಕಾಲಿಗೆ ಹಾಕಿ, ನೋವಿನ ಕಾಲನ್ನು ಸುಮ್ಮನೆ ನೆಲಕ್ಕೆ ತಾಗಿಸಿ ನಿಲ್ಲುತ್ತಾರೆ. “ಎರಡೂ ಕಾಲ ಮ್ಯಾಲ ಸಮ ಭಾರ ಹಾಕ್ರಿ, ಯವ್ವಾ” ಎಂದು ಟೆಕ್ನೀಷಿಯನ್ ಹೇಳಿ, ಪಾದಗಳನ್ನು ನೋಡಿ, ಆಮೇಲೆ ಗುಂಡಿ ಒತ್ತಬೇಕು. ಮೊಣಚಿಪ್ಪು ನೇರ ಮುಂದಕ್ಕೆ ನೋಡುತ್ತಿರಬೇಕು. ಕಾಲು ಹೊರಕ್ಕೆ ತಿರುಗಿದ್ದರೆ ಒಂದು ಬದಿಯ ಅಂತರ ಸುಳ್ಳು ಹೇಳುತ್ತದೆ. ಚಪ್ಪಲಿ, ನೀ ಕ್ಯಾಪ್, ಪಿನ್ನುಗಳನ್ನು ಮೊದಲೇ ತೆಗೆದಿಡಬೇಕು. ಬಸ್ಸಿನಲ್ಲಿ ದೂರದಿಂದ ಬಂದು ಕಾಲು ಹಿಡಿದುಕೊಂಡಿರುವವರನ್ನು ಇಳಿದ ಕೂಡಲೇ ನಿಲ್ಲಿಸದೆ ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂರಿಸುವುದು ಲೇಸು.

ಇನ್ನೂ ಒಂದು ಸೂಕ್ಷ್ಮವಿದೆ. ಮೃದ್ವಸ್ಥಿ ಹಲವರಲ್ಲಿ ತೊಡೆಮೂಳೆಯ ಹಿಂಭಾಗದಲ್ಲಿ ಹೆಚ್ಚು ಸವೆಯುವುದರಿಂದ, ಕಾಲು ಪೂರ್ತಿ ನೇರವಾಗಿದ್ದಾಗ ಅದು ತಪ್ಪಿಹೋಗಬಹುದು. ಅದಕ್ಕಾಗಿ ಮೊಣಕಾಲನ್ನು 45 ಡಿಗ್ರಿ ಬಾಗಿಸಿ ನಿಲ್ಲಿಸಿ, ಕಿರಣ ಬಿಡುವ ಟ್ಯೂಬನ್ನು 10 ಡಿಗ್ರಿ ಕೆಳಕ್ಕೆ ಓರೆಮಾಡಿ, ಹಿಂದಿನಿಂದ ತೆಗೆಯುವ ವಿಧಾನವನ್ನು ರೋಸೆನ್‌ಬರ್ಗ್ ಮತ್ತು ಸಂಗಡಿಗರು 1988ರಲ್ಲಿ ವಿವರಿಸಿದರು. ನೋವು ಬಲವಾಗಿದ್ದೂ ನೇರ ಚಿತ್ರ ಚೆನ್ನಾಗಿಯೇ ಕಂಡರೆ ನಾನಂತೂ ಮೊದಲು ಇದನ್ನೇ ಮಾಡಿಸಲು ಹೇಳುತ್ತೇನೆ. ಫಿಲ್ಮ್ ಕೈಗೆ ಬಂದಾಗ ಕಣಕಾಲಿನ ಮೂಳೆಯ ಮೇಲ್ಮೈ ತೆಳು ಗೆರೆಯಾಗಿ ಕಾಣುತ್ತದೆಯೇ ಎಂದು ನೋಡಬೇಕು. ಅಲ್ಲಿ ಮೊಟ್ಟೆಯಾಕಾರದ ತಟ್ಟೆ ಕಂಡರೆ ಕಿರಣ ಓರೆಯಾಗಿ ಬಿದ್ದಿದೆ, ಅಂತರವನ್ನು ನಂಬುವಂತಿಲ್ಲ.

ಮುಂದಿನದು ವರದಿ. ‘ಗ್ರೇಡ್’ ಎಂದು ಬರೆಯುವುದು ಕೆಲ್‌ಗ್ರೆನ್ ಮತ್ತು ಲಾರೆನ್ಸ್ 1957ರಲ್ಲಿ ಪ್ರಕಟಿಸಿದ 0ರಿಂದ 4ರವರೆಗಿನ ಅಳತೆ. ಗ್ರೇಡ್ 2 ಎಂದರೆ ಮೂಳೆಯ ಅಂಚಿನಲ್ಲಿ ಮುಳ್ಳು ಖಚಿತವಾಗಿ ಕಂಡಿದೆ. 4 ಎಂದರೆ ಅಂತರ ಬಹಳ ಕುಗ್ಗಿ ಮೂಳೆಯ ಆಕಾರವೂ ಕೆಟ್ಟಿದೆ. ಆದರೆ ಗ್ರೇಡ್ 4 ಇದ್ದೂ ತೊಗರಿ ಹೊಲಕ್ಕೆ ಹೋಗಿಬರುವವರಿದ್ದಾರೆ, ಗ್ರೇಡ್ 1ಕ್ಕೇ ಮೆಟ್ಟಿಲು ಹತ್ತಲಾರದವರಿದ್ದಾರೆ. ಆದ್ದರಿಂದ ಅಂಕಿಯನ್ನಷ್ಟೇ ನೋಡಿ ಕೀಲು ಬದಲಾವಣೆಗೆ ಮುಂಗಡ ಕಟ್ಟಬಾರದು.

ಎಮ್‌ಆರ್‌ಐ ಮೊದಲ ಪರೀಕ್ಷೆಯಲ್ಲ. ಅದು ಮೃದ್ವಸ್ಥಿಯನ್ನೂ ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ಸನ್ನೂ ತೋರಿಸುತ್ತದೆ ನಿಜ. ಸವೆತ ವರ್ಷದಿಂದ ವರ್ಷಕ್ಕೆ ಹೇಗೆ ಸಾಗುತ್ತದೆಂದು ತಿಳಿಯಲು ಅಮೆರಿಕದಲ್ಲಿ 45ರಿಂದ 79 ವರ್ಷದ 4,796 ಮಂದಿಯನ್ನು ಹಿಂಬಾಲಿಸಿದ ಆಸ್ಟಿಯೋಆರ್ಥ್ರೈಟಿಸ್ ಇನಿಷಿಯೇಟಿವ್ ಅಧ್ಯಯನಕ್ಕೆ ಎಕ್ಸ್‌ರೇ ಜೊತೆಗೆ ಅದೂ ಬೇಕಾಯಿತು. ಆದರೆ ನೋವೇ ಇಲ್ಲದ ನಡುವಯಸ್ಸಿನವರಲ್ಲಿಯೂ ಮೆನಿಸ್ಕಸ್ ಹರಿದಿರುವುದು ಸಾಮಾನ್ಯವೆಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ನಡೆದ 2008ರ ಅಧ್ಯಯನ ತೋರಿಸಿದೆ. ವರದಿಯಲ್ಲಿ ‘ಟೇರ್’ ಎಂಬ ಪದ ಕಂಡ ಮಾತ್ರಕ್ಕೆ ನೋವಿನ ಕಾರಣ ಸಿಕ್ಕಿತೆಂದು ತಿಳಿಯಬಾರದು.

ಉಚಿತ ಶಿಬಿರಗಳಲ್ಲಿ ಹಿಮ್ಮಡಿಯನ್ನು ಯಂತ್ರದಲ್ಲಿಡಿಸಿ ‘ಮೂಳೆ ಸವೆದಿದೆ’ ಎಂದು ಪುಡಿಯ ಡಬ್ಬಿ ಮಾರುವವರ ಮಾತಿಗೂ ಮೊಣಕಾಲಿಗೂ ಸಂಬಂಧವಿಲ್ಲ. ಆ ಯಂತ್ರ ಅಂದಾಜು ಮಾಡುವುದು ಮೂಳೆಯ ಗಟ್ಟಿತನವನ್ನು, ಕೀಲಿನ ಸವೆತವನ್ನಲ್ಲ.

ಕೊನೆಯದಾಗಿ, ಫಿಲ್ಮನ್ನು ಮಡಚದೆ, ದಿನಾಂಕ ಕಾಣುವಂತೆ ಲಕೋಟೆಯಲ್ಲಿಡಬೇಕು. ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಿನಲ್ಲಿ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋದಲ್ಲಿ ಅಂತರ ಅಳೆಯಲಾಗದು. ಸಿಡಿ ಕೊಡುವ ಕಡೆ ಅದನ್ನೂ ಕೇಳಿ ಪಡೆಯಬೇಕು. ಮುಂದೆ ಬೇರೆ ಸೆಂಟರ್‌ಗೆ ಹೋದಾಗ ಹಳೆಯ ಫಿಲ್ಮನ್ನು ಟೆಕ್ನೀಷಿಯನ್ನರಿಗೆ ಮೊದಲೇ ತೋರಿಸಿ, ಅದೇ ಭಂಗಿಯಲ್ಲಿ ತೆಗೆಯಲು ಹೇಳಬೇಕು. ಭಂಗಿ ಬದಲಾದರೆ ಎರಡು ಚಿತ್ರಗಳನ್ನು ಹೋಲಿಸಲು ಬರುವುದಿಲ್ಲ.